ಬರೀ ನೀರಿನ ಸಾಲು

"ನಿನ್ನ ನೀರೇ ಕೆಟ್ಟಿದೆ ಕಣೋ," ಎಂದ ಪ್ರೆಸ್ಟನ್. ವೇಡ್‌ಗೆ ಸಿಟ್ಟು ನೆತ್ತಿಗೇರಿತು.

ಅಮೆರಿಕದ ಆರಿಗನ್‌ನ ಆ ಪ್ರಯೋಗಾಲಯದಲ್ಲಿ ನಾಲ್ಕು ಸಾವಿರ ಪಟ್ಟೆಮೀನುಗಳ ನೀರು, ಮೇವು, ತೊಟ್ಟಿ ಎಲ್ಲವೂ ವೇಡ್‌ನ ಹೊಣೆ. ಹತ್ತನೆಯ ತರಗತಿಗೇ ಶಾಲೆ ಬಿಟ್ಟವನು ಅವನು. ಪ್ರೆಸ್ಟನ್ ಡಾಕ್ಟರೇಟಿಗೆ ಓದುತ್ತಿದ್ದ. ಹೆರಿಗೆ ಸಲೀಸಾಗಲೆಂದು ಬಸುರಿಯರು ಕುಡಿಯುವ ಕಾಡುಬೇರೊಂದರ ಸಾರ ಬೆಳೆಯುವ ಪಿಂಡಕ್ಕೆ ವಿಷವೋ ಅಲ್ಲವೋ ಎಂಬುದು ಅವನ ಪರೀಕ್ಷೆ. ಬೆಳಗ್ಗೆ ದೀಪ ಹತ್ತಿದೊಡನೆ ಮೀನುಗಳು ಇಟ್ಟ ಮೊಟ್ಟೆಗಳನ್ನು ಚನ್ನೆಮಣೆಯಂಥ ತಟ್ಟೆಯ ಗುಳಿಗಳಿಗೆ ಬಿಟ್ಟು, ಒಂದು ಸಾಲಿಗೆ ಗಟ್ಟಿ ಸಾರ, ಇನ್ನೊಂದಕ್ಕೆ ತೆಳು ಸಾರ, ಕೊನೆಯದಕ್ಕೆ ಬರೀ ನೀರು ಅವನೇ ಹನಿಸಬೇಕು. ಬರೀ ನೀರಿನ ಮರಿಗಳು ನೆಟ್ಟಗೆ ಬೆಳೆದರಷ್ಟೇ ಪರೀಕ್ಷೆಗೆ ಬೆಲೆ. ಮೂರನೆಯ ದಿನ ನೋಡಿದರೆ ಅಲ್ಲೂ ಡೊಂಕು ಬೆನ್ನು, ಊದಿದ ಗುಂಡಿಗೆ!

ಪ್ರಯೋಗಾಲಯದ ಮುಖ್ಯಸ್ಥೆ ಡಾ. ಸ್ಟೆನ್ಸ್‌ರುಡ್ ಬಂದರು. "ವೇಡ್, ಎರಡನೇ ಸಲ ಇದು. ತಪ್ಪು ನೀರಿಂದೇ ಆದ್ರೆ ನಾಳೆಯಿಂದ ನೀನು ಬರೋದು ಬೇಡ."

"ಮೀನಿನ ಹೇಲು ಬಳಿಯೋನ್ಗೆ ಇದೆಲ್ಲಾ ಎಲ್ಲಿ ಅರ್ಥ ಆಗುತ್ತೆ," ಪ್ರೆಸ್ಟನ್ ಗೊಣಗಿದ.

ವೇಡ್ ಅವನನ್ನು ಮೊಣಕೈಯಿಂದ ಸರಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಬರೀ ನೀರಿನ ಸಾಲು. ಮೊದಲ ಗುಳಿಯಲ್ಲಿ ಹೆಣ. ಎರಡು, ಮೂರರಲ್ಲಿ ಡೊಂಕು. ಎಂಟರಲ್ಲಿ ಒಂಚೂರು ಊತ. ಕೊನೆಯ, ಹನ್ನೆರಡನೆಯ ಗುಳಿಯಲ್ಲಿ ಮರಿ ಪಟಪಟನೆ ಬಾಲ ಬಡಿಯುತ್ತಿತ್ತು.

"ಡಾಕ್ಟ್ರೇ, ನೀವೇ ನೋಡಿ. ಎಲ್ಲಾ ಗುಳಿಗೂ ಒಂದೇ ನೀರು. ಅದು ಕೆಟ್ಟಿದ್ರೆ ಹನ್ನೆರಡೂ ಒಂದೇ ಥರ ಹಾಳಾಗ್ಬೇಕಿತ್ತು. ಇಲ್ಲಿ ವಿಷ ಬರ್ತಾ ಬರ್ತಾ ತೆಳ್ಳಗಾಗಿದೆ." ಪ್ರೆಸ್ಟನ್‌ನತ್ತ ತಿರುಗಿದ. "ಲೋ, ಹನಿ ಹಾಕೋ ಪಿಪೆಟ್ಟಿನ ತುದಿ ಬದಲಾಯ್ಸಿದ್ಯಾ? ಗಟ್ಟಿ ಸಾರದಿಂದ ಶುರು ಮಾಡಿ, ಅದೇ ತುದೀಲಿ ನೀರಿನ ಸಾಲಿಗೆ ಬಂದೆ, ಅಲ್ವಾ?"

ಪ್ರೆಸ್ಟನ್ ಮುಖ ಸುಟ್ಟ ಬದನೆಕಾಯಿಯಾಯಿತು. "ಅದು... ತುದಿ ಯಾಕೆ ದಂಡ ಮಾಡೋದು ಅಂತ..."

"ಖಾರದ ಸೌಟನ್ನ ಹಾಲಿಗೆ ಅದ್ದಿ ಹಾಲಿನೋನ್ನ ಬೈತೀಯಾ!"

ಡಾ. ಸ್ಟೆನ್ಸ್‌ರುಡ್ ಸೂಕ್ಷ್ಮದರ್ಶಕದಲ್ಲಿ ತಟ್ಟೆ ನೋಡಿ ತಲೆಯೆತ್ತಿದರು. "ಹೊಸ ಮೊಟ್ಟೆ ತಾ ವೇಡ್. ಈ ಸಲ ಹನಿಸೋನು ನೀನು."

ವೇಡ್ ಬರೀ ನೀರಿನಿಂದ ಶುರು ಮಾಡಿದ. ಗುಳಿಗೊಂದು ಹೊಸ ತುದಿ. ಗಟ್ಟಿ ಸಾರ ಕಟ್ಟಕಡೆಗೆ.

ಮೂರು ದಿನ ಕಳೆದ ಮೇಲೆ ಡಾ. ಸ್ಟೆನ್ಸ್‌ರುಡ್ ಪ್ರೆಸ್ಟನ್‌ನನ್ನೇ ಎಣಿಸಲು ಕೂರಿಸಿದರು. ಗಟ್ಟಿ ಸಾರದ ಸಾಲಿನಲ್ಲಿ ಹನ್ನೆರಡೂ ಡೊಂಕು. ಬೇರಿನ ಬಣ್ಣ ಬಯಲಾಯಿತು. ಆಮೇಲೆ ಅವನು ಕೊನೆಯ ಸಾಲಿಗೆ ಬಂದ.

"ಬರೀ ನೀರು... ಹನ್ನೆರಡಕ್ಕೆ ಹನ್ನೆರಡೂ ನೆಟ್ಟಗಿವೆ," ಎಂದ, ಗಂಟಲೊಳಗೇ.

"ಜೋರಾಗಿ ಹೇಳೋ," ವೇಡ್ ಗೋಡೆಗೊರಗಿ ನಕ್ಕ. "ತೊಟ್ಟಿ ಮೀನಿಗೂ ಕೇಳಿಸ್ಲಿ."