ಗಾದಿಯ ಗೋಡೆ

ನನಗೆ ಮೊದಲು ಕಿಟಕಿ ಇರಲಿಲ್ಲ. ಮುಂದೆ ಡ್ರೈವರ್ ಕೂರುವಲ್ಲಿ ಗಾಜು ಇತ್ತು. ಅದರ ಹಿಂದೆ ನನ್ನ ಮೈಯೆಲ್ಲ ಬಿಳಿ ಬಣ್ಣ ಬಳಿದ ತಗಡು. ನಾನು ಸಾಮಾನು ಸಾಗಿಸುವ ವ್ಯಾನು. ಸಾಮಾನಿಗೆ ಹೊರಗೆ ನೋಡುವ ಆಸೆ ಇರುವುದಿಲ್ಲವೆಂದು ನನ್ನನ್ನು ಮಾಡಿದ ಕಾರ್ಖಾನೆಯವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಹೊಟ್ಟೆ ತುಂಬ ಕತ್ತಲೆ ಇಟ್ಟುಕೊಂಡೇ ನಾನು ಲೋಕಕ್ಕೆ ಬಂದೆ.

ಮೊದಲ ಆರು ವರ್ಷ ಹುಬ್ಬಳ್ಳಿಯ ಒಂದು ಬೇಕರಿಯಲ್ಲಿ ದುಡಿದೆ. ಬಿಸಿ ಬ್ರೆಡ್ಡು, ಬನ್ನು, ಟೋಸ್ಟು ಹೊತ್ತು ಅಂಗಡಿ ಅಂಗಡಿಗೆ ಹೋಗಿ ಬರುವುದು. ಹಗುರವಾದ ಕೆಲಸ. ಆ ವಾಸನೆ ಇಂದಿಗೂ ನನ್ನ ಯಾವುದೋ ಮೂಲೆಯಲ್ಲಿ ಅಡಗಿದೆ ಎಂದು ನನ್ನ ನಂಬಿಕೆ. ಮಾಲೀಕರು ದೊಡ್ಡ ಗಾಡಿ ಕೊಂಡ ಮೇಲೆ ನನ್ನನ್ನು ಅಂಗಳದ ಬದಿಗೆ ನಿಲ್ಲಿಸಿ, ಹಣೆಗೆ ‘ಮಾರಾಟಕ್ಕಿದೆ’ ಎಂಬ ಚೀಟಿ ಅಂಟಿಸಿದರು.

ಚೀಟಿ ನೋಡಿ ಬಂದವನು ಗಜೇಂದ್ರಗಡದ ಮಕ್ತುಂಸಾಬ ನದಾಫ. ಅವನು ಗಾದಿ ಮಾಡುವವನು. ಅವನ ಅಜ್ಜ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ನಡೆದು ಹತ್ತಿ ಹಿಂಜುತ್ತಿದ್ದನಂತೆ. ಅಪ್ಪ ಅದೇ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ತಿರುಗಿದನಂತೆ. ಮಕ್ತುಂಸಾಬನ ಬಳಿ ಹಿಂಜುವ ಯಂತ್ರವಿತ್ತು. ಅದನ್ನು ಹೊತ್ತು ತಿರುಗಲು ಗಾಡಿ ಬೇಕಿತ್ತು. ಅವನ ಜೊತೆ ಹೆಂಡತಿ ಇಮಾಂಬಿ, ಅವಳ ಸೊಂಟದ ಮೇಲೆ ಮೂರು ವರ್ಷದ ಮಗಳು ಜೈತುನ್. ಗಂಡ ನನ್ನ ಎಂಜಿನ್ ನೋಡಿದ, ಟೈರನ್ನು ಒದ್ದು ನೋಡಿದ. ಹೆಂಡತಿ ಹಿಂದಿನ ಬಾಗಿಲಿನಿಂದ ಒಳಗೆ ಹತ್ತಿ, ಮಗಳನ್ನು ನನ್ನ ನೆಲದ ಮೇಲೆ ಮಲಗಿಸಿ, ಅವಳ ತಲೆಯಿಂದ ಕಾಲಿನವರೆಗೆ ಗೇಣು ಹಾಕಿ ಅಳೆದಳು. ಆಮೇಲೆ ತಾನೂ ಪಕ್ಕದಲ್ಲಿ ಒರಗಿ ನೋಡಿದಳು.

“ಮೂರು ಮಂದಿ ಹಿಡೀತೀವ್ರಿ,” ಎಂದಳು.

“ಯಂತ್ರ?”

“ಅದನ್ನ ನೀವ ಅಳೀರಿ.”

ಗಾದಿಯ ಕೆಲಸ ಇಬ್ಬರ ಕೆಲಸ. ಹಿಂಜುವುದು ಅವನದು, ಹೊಲಿಯುವುದು ಅವಳದು. ಮಳೆ ನಿಂತು ಬಿಸಿಲು ಬಿದ್ದ ಕೂಡಲೇ ಹೊರಟರೆ ಮುಂದಿನ ಮಳೆಯವರೆಗೆ ಊರಿಂದ ಊರಿಗೆ. ಶಾಲೆಯ ಜಗಲಿ, ಯಾರದೋ ಹಿತ್ತಲು, ಸಿಕ್ಕಲ್ಲಿ ಮಲಗಿ ಅವರಿಗೆ ಸಾಕಾಗಿತ್ತು. ಹಾಗಾಗಿ ನಾನು ಕೆಲಸದ ಗಾಡಿಯೂ ಆಗಬೇಕು, ಮನೆಯೂ ಆಗಬೇಕು ಎಂದು ತೀರ್ಮಾನವಾಯಿತು.

ನನ್ನನ್ನು ಹೊಸದಾಗಿ ಮಾಡಿದವನು ಗಜೇಂದ್ರಗಡದ ಕಾಳಪ್ಪ ಬಡಿಗೇರ. ಬಡಿಗತನ ಬಿಟ್ಟು ವೆಲ್ಡಿಂಗ್ ಹಿಡಿದಿದ್ದ. ಕೈ ಎಷ್ಟು ಓಡುತ್ತಿತ್ತೋ ಬಾಯಿಯೂ ಅಷ್ಟೇ ಓಡುತ್ತಿತ್ತು.

“ಏ ಮಕ್ತುಂ, ಹಾಸಿಗಿ ಅಂತಿ, ಒಲಿ ಅಂತಿ, ನೀರಿನ ಡ್ರಮ್ ಅಂತಿ. ನಡುವ ಒಂದು ಬಾವಿನೂ ತೋಡ್ಲೇನು?”

“ತೋಡು ತೋಡು. ನೀರು ಬೀಳಲಿಲ್ಲಂದ್ರ ಕೂಲಿ ಕೊಡಂಗಿಲ್ಲ.”

ಡ್ರೈವರ್ ಸೀಟಿನ ಹಿಂದೆ ಅಡ್ಡಲಾಗಿ ಒಂದು ಹಲಗೆ ಬಂತು, ಅದು ಹಾಸಿಗೆ. ಹಲಗೆಯ ಕೆಳಗೆ ಪಾತ್ರೆ, ಬಟ್ಟೆ, ಜೋಳದ ಹಿಟ್ಟಿನ ಡಬ್ಬಿ ಇಡಲು ಮುಚ್ಚಳವಿದ್ದ ಪೆಟ್ಟಿಗೆಗಳು. ಬದಿಯಲ್ಲಿ ಸಣ್ಣ ಗ್ಯಾಸಿನ ಒಲೆ. ಅದರಾಚೆ, ನನ್ನ ಹಿಂದಿನ ಅರ್ಧದಲ್ಲಿ, ಹಿಂಜುವ ಯಂತ್ರ ಮತ್ತು ಅದನ್ನು ತಿರುಗಿಸುವ ಸಣ್ಣ ಡೀಸೆಲ್ ಎಂಜಿನ್, ನಟ್ಟು ಬೋಲ್ಟಿನಿಂದ ಭದ್ರ.

“ಅಣ್ಣಾರ, ಮಲಗೋ ಕಡೆ ಒಂದು ಸಣ್ಣ ಕಿಡಕಿ ಮಾಡಾಕ ಬರ್ತೈತೇನ್ರಿ?” ಎಂದು ಇಮಾಂಬಿ ಕೇಳಿದಳು.

ಕಾಳಪ್ಪ ಬಾಯಿ ತೆರೆಯುವುದರೊಳಗೆ ಮಕ್ತುಂಸಾಬ, “ಬ್ಯಾಡ. ತಗಡು ಕೊರದ್ರ ಮಳಿ ಸೋರ್ತೈತಿ. ಮುಂದ ನೋಡೂಣು,” ಎಂದ.

ಯಂತ್ರವನ್ನು ನನ್ನ ಹೊಟ್ಟೆಯೊಳಗೇ ಇಡಬೇಕೆಂದು ಮಕ್ತುಂಸಾಬ ಹಟ ಹಿಡಿದದ್ದಕ್ಕೆ ಕಾರಣವಿತ್ತು. ಒಂದು ಮನೆಯ ಹತ್ತಿ ಇನ್ನೊಂದು ಮನೆಯ ಗಾದಿಗೆ ಒಂದು ಹಿಡಿಯೂ ಸೇರಬಾರದು, ಗಾಳಿಗೂ ಹೋಗಬಾರದು. ಇದು ಅವನ ಅಜ್ಜನ ಕಾಲದಿಂದ ಬಂದ ನೇಮ. ಅದಕ್ಕೆಂದೇ ಹತ್ತಿ ಕೊಟ್ಟವರ ಬಾಗಿಲಲ್ಲಿ, ಅವರ ಕಣ್ಣೆದುರು ಹಿಂಜುವುದು. ಒಮ್ಮೆ ಒಬ್ಬ ಮುದುಕಿ ಕಲ್ಲಿನಂತಾಗಿದ್ದ ಹಳೆಯ ಗಾದಿ ತಂದು, “ಇದು ನಮ್ಮವ್ವ ಬಿಡಿಸಿ ಕೊಟ್ಟ ಹತ್ತಿ, ತಮ್ಮಾ. ಒಂದೆಳಿ ಹೋದ್ರೂ ನನಗ ಗೊತ್ತಾಕ್ಕೈತಿ ನೋಡು,” ಎಂದು ಯಂತ್ರದ ಎದುರಿಗೇ ಕುಳಿತಿದ್ದಳು. ಹಿಂಜಿದ ಅರಳೆ ಮೋಡದ ಹಾಗೆ ಉಬ್ಬಿ ಬಂದಾಗ ಅದರೊಳಗೆ ಮೊಣಕೈವರೆಗೆ ಕೈ ಹಾಕಿ, ಅವಳು ಒಂದು ಹಿಡಿ ತೆಗೆದು ಕೆನ್ನೆಗೆ ಒತ್ತಿಕೊಂಡಳು. ಆ ದಿನ ನನಗೆ ನನ್ನ ಕೆಲಸದ ಬಗ್ಗೆ ಹೆಮ್ಮೆಯಾಗಿತ್ತು.

ಆದರೆ ಹತ್ತಿಯನ್ನು ಹೊರಗೆ ಬಿಡದ ನನ್ನ ಹೊಟ್ಟೆ ಧೂಳನ್ನೂ ಹೊರಗೆ ಬಿಡುತ್ತಿರಲಿಲ್ಲ. ಸಂಜೆ ಅದೇ ಹೊಟ್ಟೆಯಲ್ಲಿ ಜೈತುನ್ ಮಲಗುತ್ತಿದ್ದಳು.

ಮೊದಲು ಒಣ ಕೆಮ್ಮು ಬಂತು. ಆಮೇಲೆ ಉಸಿರಿನ ತುದಿಗೆ ಸಣ್ಣದೊಂದು ಸಿಳ್ಳೆ. ಅವಳ ಬೆನ್ನು ನನ್ನ ತಗಡಿಗೆ ತಾಗಿರುತ್ತಿದ್ದುದರಿಂದ ಆ ಸಿಳ್ಳೆ ತಾಯಿಗಿಂತ ಮೊದಲು ನನಗೆ ಕೇಳಿಸಿತು.

“ನಮ್ಮ ಮನೆತನದಾಗ ಎಲ್ಲಾರೂ ಅರಳ್ಯಾಗ ಬೆಳದೀವಿ. ಯಾರು ಕೆಮ್ಮ್ಯಾರ?” ಎಂದ ಮಕ್ತುಂಸಾಬ.

“ನಿಮ್ಮಪ್ಪಾರು ಕೆಮ್ಮಕೋತನ ಹ್ವಾದ್ರಲ್ರಿ,” ಎಂದಳು ಇಮಾಂಬಿ, ರೊಟ್ಟಿ ತಿರುವಿ ಹಾಕುತ್ತ.

ಅವನು ಅರ್ಧಕ್ಕೇ ತಾಟು ಸರಿಸಿ ಎದ್ದ. ಮರುದಿನ ನನ್ನನ್ನು ರೋಣದ ಕಡೆ ತಿರುಗಿಸಿದ. ಡಾಕ್ಟರಮ್ಮ ಮಗುವಿನ ಎದೆಗೆ ಕಿವಿಗೊಟ್ಟು, ಔಷಧ ಬರೆದುಕೊಟ್ಟು, “ಅರಳಿ ಹಾರೋ ಜಾಗಾದಾಗ ಈ ಕೂಸು ಮಲಗಬಾರದು. ನಡುವ ಗೋಡಿ ಹಾಕ್ರಿ, ಇಲ್ಲಾ ಕೂಸನ್ನ ಊರಾಗ ಬಿಡ್ರಿ,” ಎಂದರಂತೆ. ಹೊರಗೆ ಬಂದ ಮೇಲೆ ಇಬ್ಬರೂ ನನ್ನ ಮೆಟ್ಟಿಲ ಮೇಲೆ ಕುಳಿತು ಅದನ್ನೇ ಮತ್ತೆ ಮತ್ತೆ ಹೇಳಿಕೊಂಡರು.

ಗೋಡೆ ಹಾಕಲು ಮಕ್ತುಂಸಾಬ ಕಾಳಪ್ಪನ ಹತ್ತಿರ ಹೋಗಲಿಲ್ಲ. ತನ್ನ ಕೈಯಲ್ಲಿ ವಿದ್ಯೆ ಇರುವಾಗ ಯಾಕೆ ಹೋಗಬೇಕು? ಒಳ್ಳೆಯ ಹತ್ತಿ ಕೊಂಡು ಹಿಂಜಿದ. ಕೆಂಪು ಪಟ್ಟೆಯ ದಪ್ಪ ಬಟ್ಟೆ ತಂದ. ನನ್ನ ಚಾವಣಿಯಿಂದ ನೆಲದವರೆಗಿನ ಅಳತೆಗೆ ಗಂಡ ಹೆಂಡತಿ ಎದುರುಬದುರು ಕುಳಿತು ಒಂದು ಗಾದಿ ಹೊಲಿದರು. ಅವರು ಮಾಡಿದ ಗಾದಿಗಳಲ್ಲೆಲ್ಲ ಅದೇ ಚೆಂದದ್ದು. ಅದನ್ನು ಯಂತ್ರಕ್ಕೂ ಹಾಸಿಗೆಗೂ ನಡುವೆ ನಿಲ್ಲಿಸಿ, ಬಿಗಿಯಾಗಿ ಕಟ್ಟಿದರು.

“ಇಷ್ಟು ದಪ್ಪ ಗೋಡಿ ಅರಮನಿಗೂ ಇರಾಕಿಲ್ಲ,” ಎಂದು ಮಕ್ತುಂಸಾಬ ಮಗಳ ಗಲ್ಲ ಹಿಂಡಿದ.

ಮೊದಲ ದಿನವೇ ನನಗೆ ಗೊತ್ತಾಯಿತು. ಯಂತ್ರ ತಿರುಗುವಷ್ಟು ಹೊತ್ತು ಆ ಗೋಡೆ ಧೂಳನ್ನು ತನ್ನೊಳಗೆ ಎಳೆದುಕೊಳ್ಳುತ್ತಿತ್ತು. ಆಮೇಲೆ ನಾನು ತಗ್ಗಿಗೆ ಇಳಿದು ಜಿಗಿದಾಗಲೆಲ್ಲ ಹಾಸಿಗೆಯ ಕಡೆಗೆ ಉಸಿರು ಬಿಟ್ಟಂತೆ ಬಿಡುತ್ತಿತ್ತು. ನಮ್ಮ ಕಡೆಯ ರಸ್ತೆಯಲ್ಲಿ ತಗ್ಗುಗಳಿಗೇನು ಬರ? ಹೇಳಲು ನನಗೆ ಬಾಯಿ ಇರಲಿಲ್ಲ. ಇದ್ದದ್ದು ಒಂದು ಹಾರ್ನ್, ಅದೂ ಮಕ್ತುಂಸಾಬನ ಕೈಯಲ್ಲಿ. ನನ್ನ ಕೈಲಾದದ್ದು ಒಂದೇ: ಮೆಲ್ಲಗೆ ಹೋಗುವುದು. “ಯಾಕೋ ಗಾಡಿ ಎಳೀವಲ್ದು,” ಎಂದು ಅವನು ಬೈದುಕೊಂಡ.

ಇಪ್ಪತ್ತು ದಿನವಾಯಿತು. ಔಷಧದ ಬಾಟಲಿ ಖಾಲಿಯಾಯಿತು. ಸಿಳ್ಳೆ ಹೆಚ್ಚಾಯಿತು. ಆಗ ನಾವು ನರೇಗಲ್ಲಿನಲ್ಲಿ ಒಂದು ಮದುವೆ ಮನೆಯ ಏಳು ಗಾದಿಗಳ ಕೆಲಸದಲ್ಲಿದ್ದೆವು. ಕೊನೆಯ ಗಾದಿಗೆ ದಪ್ಪ ದಾರದ ಟಾಚು ಹೊಲಿಗೆ ಹಾಕುತ್ತಿದ್ದ ಹೆಂಡತಿಗೆ ಮಕ್ತುಂಸಾಬ ಹೇಳಿದ:

“ನಾಳೆ ನಿನ್ನ, ಕೂಸನ್ನ ನಿಮ್ಮಕ್ಕನ ಮನ್ಯಾಗ ಬಿಡ್ತೀನಿ.”

“ಹೊಲಿಯೋರು ಯಾರ್ರಿ?”

“ಯಾರನರ ನೋಡ್ತೀನಿ.”

“ರೊಟ್ಟಿ?”

ಜೈತುನ್ ಕೇಳಿದಳು: “ಅಪ್ಪಾ, ನೀ ಎಲ್ಲಿ ಮಲಗ್ತಿ?”

“ಗಾಡ್ಯಾಗ.”

“ಒಬ್ಬನ?”

ಅವನು ಎದ್ದು ಹೊಲಿದ ಗಾದಿಗಳನ್ನು ಸುತ್ತಿಡತೊಡಗಿದ.

ಬೆಳಿಗ್ಗೆ ಇಮಾಂಬಿ ತನ್ನದೂ ಮಗಳದೂ ಬಟ್ಟೆಯ ಗಂಟು ಕಟ್ಟಿ ಹಲಗೆಯ ತುದಿಗಿಟ್ಟಳು. ಹೊರಡುವ ಮುಂಚೆ ಆ ಗೋಡೆಯನ್ನೊಮ್ಮೆ ಬಿಸಿಲಿಗೆ ಹಾಕಬೇಕೆನಿಸಿತು ಅವಳಿಗೆ. ತಾನಿಲ್ಲದಾಗ ಅವನು ಅದನ್ನು ಬಿಸಿಲಿಗೆ ಹಾಕುವವನಲ್ಲ. ಬಿಚ್ಚಿ, ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಹರವಿ, ಬೆತ್ತ ತೆಗೆದುಕೊಂಡು ಬಡಿದಳು. ಧೂಳು ಎದ್ದಿತು. ಇನ್ನೊಮ್ಮೆ ಬಡಿದಳು. ಎಳೆಬಿಸಿಲಿನಲ್ಲಿ ಧೂಳು ಹೊಗೆಯಂತೆ ಏಳುತ್ತಲೇ ಇತ್ತು. ಹತ್ತು ಏಟಾದರೂ ಮುಗಿಯಲಿಲ್ಲ. ಪಕ್ಕದಲ್ಲಿ ಆಡುತ್ತಿದ್ದ ಜೈತುನ್ ಕೆಮ್ಮತೊಡಗಿದಳು. ಇಮಾಂಬಿಯ ಕೈ ಅಲ್ಲೇ ನಿಂತಿತು.

ಮಗಳನ್ನು ಎತ್ತಿ ದೂರ ಕೂರಿಸಿ ಬಂದು ಗಂಡನನ್ನು ಕರೆದಳು.

“ಇದು ಧೂಳು ತಡೀತಿದ್ದಿಲ್ರಿ. ಕುಡದು ಇಟಗೊಂತಿತ್ತು. ಗಾಡಿ ಜಿಗದಾಗೊಮ್ಮೆ ಕೂಸಿನ ಮ್ಯಾಲ ಉಗುಳ್ತಿತ್ತು.”

ಮಕ್ತುಂಸಾಬ ಗಾದಿಗೆ ಅಂಗೈಯಿಂದ ಒಂದು ಏಟು ಹಾಕಿದ. ಎದ್ದದ್ದನ್ನು ನೋಡಿದ. ಬಂದು ನನ್ನ ಮೆಟ್ಟಿಲ ಮೇಲೆ ಕುಳಿತ.

“ನನ್ನ ಕೈಯಾರ ಹೊಲದ್ನಲ್ಲ ಇದನ್ನ.”

“ಅರ್ಧಾ ಹೊಲಿಗಿ ನಂದೂ ಐತಿ,” ಎಂದಳು ಇಮಾಂಬಿ. ಬೆತ್ತ ಬದಿಗಿಟ್ಟು, “ಅಕ್ಕನ ಮನಿ ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದಲ ಕಾಳಪ್ಪಣ್ಣಾರ ಕಡೆ ನಡೀರಿ,” ಎಂದಳು.

ಕಾಳಪ್ಪ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಗಾದೀಲೆ ಗೋಡಿ ಕಟ್ಟೀರಿ? ನಾ ಏನು ನಗ್ತೀನಿ ಬಿಡು, ನಾವು ಬಡಿಗ್ಯಾರಂದ್ರ ಒಲೀನೂ ಕಟ್ಟಿಗೀಲೆ ಮಾಡೋ ಮಂದಿ!” ಅಷ್ಟರಲ್ಲಿ ಜೈತುನ್‌ಳ ಪಕ್ಕೆಲುಬು ಏರಿಳಿಯುವುದು ಅವನ ಕಣ್ಣಿಗೆ ಬಿತ್ತು. ನಗು ನಿಂತಿತು.

“ತಗಡಿನ ಗೋಡಿ ಹಾಕ್ತೀನಿ. ಆದ್ರ ಯಂತ್ರ ಒಳಗ ತಿರಗೂತನಕ ಆ ಧೂಳು ಸಂದಿ ಹುಡುಕ್ಕೊಂಡು ಬರ್ತೈತಿ. ಯಂತ್ರ ಕೆಳಗ ಇಳಿಸಿಬಿಡು.”

“ದಿನಾ ಅದನ್ನ ಎತ್ತಿ ಇಳಸೋರು ಯಾರು? ಹೊರಗಾದ್ರ ಗಾಳಿಗಿ ಹತ್ತಿ ಹಾರ್ತೈತಿ. ಮಂದಿ ಹತ್ತಿ ಅದು, ಕಾಳಪ್ಪ.”

ಇಬ್ಬರೂ ಮಾತು ಬೆಳೆಸಿದರು. ಇಮಾಂಬಿ ಅತ್ತ ಕಿವಿಗೊಡಲಿಲ್ಲ. ಕಾಳಪ್ಪ ಬೋಲ್ಟು ಹುಡುಕಲೆಂದು ಎಳೆದು ಬಿಟ್ಟಿದ್ದ ಮೇಜಿನ ಖಾನೆಯನ್ನೇ ನೋಡುತ್ತಿದ್ದಳು. ಅದನ್ನು ಒಳಗೆ ತಳ್ಳಿದಳು. ಮತ್ತೆ ಹೊರಗೆ ಎಳೆದಳು.

“ಅಣ್ಣಾರ, ಯಂತ್ರಾನ ಹಿಂಗ ಎಳಿಯಾಕ ಬರಾಂಗಿಲ್ಲೇನ್ರಿ?”

ಕಾಳಪ್ಪ ಖಾನೆಯನ್ನೊಮ್ಮೆ ತಾನೂ ಎಳೆದು ನೋಡಿ, ಅಳತೆಪಟ್ಟಿ ಹಿಡಿದು ನನ್ನೊಳಗೆ ಹತ್ತಿದ.

ನನ್ನ ನೆಲಕ್ಕೆ ಎರಡು ಹಳಿ ಕೂರಿಸಿದರು. ಯಂತ್ರಕ್ಕೂ ಎಂಜಿನ್ನಿಗೂ ಕೂಡಿಸಿ ಒಂದೇ ಚೌಕಟ್ಟು, ಅದಕ್ಕೆ ಕಬ್ಬಿಣದ ಗಾಲಿ. ಹಿಂದಿನ ಬಾಗಿಲು ತೆಗೆದು ಎಳೆದರೆ ಯಂತ್ರ ಪೂರ್ತಿ ಹೊರಗೆ ಬಂದು, ಮಡಚುವ ಎರಡು ಕಾಲುಗಳ ಮೇಲೆ ನಿಲ್ಲುತ್ತಿತ್ತು. ಹತ್ತಿ ಹಾರದ ಹಾಗೆ ಅದರ ಸುತ್ತ ಇಳಿಬಿಡಲು ಇಮಾಂಬಿ ತನ್ನ ಐದು ಹಳೆಯ ಸೀರೆ ಜೋಡಿಸಿ ಪರದೆ ಹೊಲಿದಳು. ನಡುವೆ ತಗಡಿನ ಗೋಡೆ ಬಂತು, ಸಂದಿಗೆಲ್ಲ ರಬ್ಬರು. ಕೊನೆಯ ದಿನ ಕಾಳಪ್ಪ ಯಾರನ್ನೂ ಕೇಳದೆ ಹಲಗೆಯ ಬದಿಯ ತಗಡು ಕೊರೆದು ಗಾಜು ಕೂರಿಸಿದ. ಮಕ್ತುಂಸಾಬ ನೋಡಿದ.

“ಮಳಿ ಸೋರಿದ್ರ ನನ್ನ ಬೈಯಾಕ ಬಾ,” ಎಂದ ಕಾಳಪ್ಪ.

ಹೀಗೆ ನನಗೆ ಕಣ್ಣು ಬಂತು. ಜೈತುನ್ ಅದಕ್ಕೆ ಮೂಗು ಒತ್ತಿ ಹೊರಗಿನ ಕೋಳಿಗಳನ್ನು ನೋಡಿದಳು. ನಾನೂ ನೋಡಿದೆ.

ಹೊಸ ವ್ಯವಸ್ಥೆಯಲ್ಲಿ ಮೊದಲು ಹಿಂಜಿದ್ದು ಆ ಗೋಡೆಯ ಗಾದಿಯ ಹತ್ತಿಯನ್ನೇ. ಮಕ್ತುಂಸಾಬ ತಾನೇ ಅದರ ಹೊಲಿಗೆ ಬಿಚ್ಚಿದ. ಕೆಲಸ ಮುಗಿದ ಮೇಲೆ ಇಮಾಂಬಿ ಒಂದು ಬಿಳಿಯ ಬಟ್ಟೆ ಒದ್ದೆ ಮಾಡಿ ಹಲಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು. ಅಂದಿನಿಂದ ಪ್ರತಿ ಸಂಜೆ ಹಾಗೆ ಮಾಡಿದಳು. ಅಕ್ಕನ ಮನೆಗೆಂದು ಕಟ್ಟಿದ ಗಂಟನ್ನು ಮಾತ್ರ ಬಿಚ್ಚಲಿಲ್ಲ. ಮಕ್ತುಂಸಾಬ ದಿನಾ ಅದನ್ನು ನೋಡುತ್ತಿದ್ದ. ಔಷಧ ನಡೆದಿತ್ತು. ಸಿಳ್ಳೆ ಒಂದು ದಿನ ಇಳಿಯಿತು, ಮರುದಿನ ಮತ್ತೆ ಬಂತು. ಆಮೇಲೆ ಇಳಿಯುತ್ತ ಹೋಯಿತು. ಹದಿನಾರನೆಯ ದಿನ ಮಧ್ಯಾಹ್ನ ಮಗಳು ಮಲಗಿದ್ದಾಗ ಇಮಾಂಬಿ ಅವಳ ಎದೆಯ ಮೇಲೆ ಕಿವಿ ಇಟ್ಟು ಬಹಳ ಹೊತ್ತು ಕೇಳಿದಳು. ಎದ್ದು ಗಂಟು ಬಿಚ್ಚಿ, ಬಟ್ಟೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಟ್ಟಳು. ಹೊರಗೆ ಯಂತ್ರದ ಸದ್ದು ನಿಂತಿತು. ಮಕ್ತುಂಸಾಬ ಕಿಟಕಿಯಲ್ಲಿ ಇಣುಕಿ ನೋಡಿ, ಹೋಗಿ ಮತ್ತೆ ಯಂತ್ರ ಚಾಲೂ ಮಾಡಿದ.

ಜೈತುನ್‌ಗೆ ಆರು ತುಂಬಿದಾಗ ದೊಡ್ಡವ್ವನ ಮನೆಯಲ್ಲಿದ್ದು ಶಾಲೆಗೆ ಹೋಗಬೇಕಾಯಿತು. ಇಮಾಂಬಿ ಆಗ ಅತ್ತಳು. ಆದರೆ ಮಗಳನ್ನು ಗಾಡಿಯಿಂದ ಇಳಿಸಿದ್ದು ಪುಸ್ತಕ, ಕೆಮ್ಮಲ್ಲ. ಆ ವರ್ಷದಿಂದ ನಾವು ಹತ್ತಿರದ ಊರುಗಳನ್ನಷ್ಟೇ ತಿರುಗಿ ಶನಿವಾರ ಊರಿಗೆ ಬರುತ್ತಿದ್ದೆವು. ರಜೆ ಬಂದರೆ ಅವಳು ನನ್ನ ಕಿಟಕಿಯ ಬಳಿ ಹಾಜರು.

ಆಮೇಲಿನದು ನಿಮಗೂ ಗೊತ್ತಿರುವ ಸಂಗತಿ. ಫೋಮಿನ ಹಾಸಿಗೆಗಳು ಬಂದವು. ಅವುಗಳನ್ನು ಹಿಂಜಬೇಕಾಗಿಲ್ಲ, ಯಾರ ಅವ್ವನೂ ಅವುಗಳ ಹತ್ತಿ ಬಿಡಿಸಿಲ್ಲ. ನಮ್ಮನ್ನು ಕೂಗಿ ನಿಲ್ಲಿಸುವ ಬಾಗಿಲುಗಳು ಕಡಿಮೆಯಾದವು. ಮಕ್ತುಂಸಾಬನ ಮೊಣಕಾಲು, ನನ್ನ ಗೇರ್‌ಬಾಕ್ಸು ಒಂದೇ ವರ್ಷ ಕೆಟ್ಟವು. ಯಂತ್ರವನ್ನು ಕೊಪ್ಪಳದ ಕಡೆಯ ಒಬ್ಬನು ಒಯ್ದ. ಗುಜರಿಯವನು ಬಂದು ನನ್ನ ಎಂಜಿನ್ನು, ಗಾಲಿ ಬಿಚ್ಚಿಕೊಂಡ. ಉಳಿದ ಡಬ್ಬಿಗೂ ಕೈ ಹಾಕಿದಾಗ ಇಮಾಂಬಿ ಬಾಗಿಲಿಗೆ ಅಡ್ಡ ನಿಂತಳು.

“ಮನಿ ಮಾರೂದಿಲ್ಲಪ್ಪ ನಾವು.”

ಈಗ ನಾನು ಅವರ ಹಿತ್ತಲಲ್ಲಿ ನಾಲ್ಕು ಕಲ್ಲಿನ ಮೇಲೆ ಕುಳಿತಿದ್ದೇನೆ. ಜೈತುನ್‌ಳನ್ನು ಇಳಕಲ್ಲಿಗೆ ಕೊಟ್ಟಿದ್ದಾರೆ. ಬೇಸಿಗೆಗೆ ತನ್ನ ಮಗಳನ್ನು ಕರೆದುಕೊಂಡು ಬರುತ್ತಾಳೆ. ಊಟವಾದ ಮೇಲೆ ತಾಯಿ ಮಗಳು ಇಬ್ಬರೂ ಬಂದು ನನ್ನ ಹಲಗೆಯ ಮೇಲೆ ಮಲಗುತ್ತಾರೆ. ಮನೆಯಲ್ಲಿ ಫ್ಯಾನಿದೆ, ಮಂಚವಿದೆ. “ಇಲ್ಲೇ ನಿದ್ದಿ ಚಲೋ ಬರ್ತೈತಿ,” ಎನ್ನುತ್ತಾಳೆ ಜೈತುನ್.

ನಿನ್ನೆ ಅವರು ಬರುವ ಮುಂಚೆ ಇಮಾಂಬಿ ಬಂದು ಹಲಗೆ ಒರೆಸಿದಳು. ಅಭ್ಯಾಸದಂತೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಬರೇ ಮಣ್ಣು,” ಎಂದಳು, ಹೊರಗೆ ಕಟ್ಟೆಯ ಮೇಲಿದ್ದ ಗಂಡನಿಗೆ ಕೇಳುವಂತೆ. “ಅರಳಿ ಒಂದೆಳಿನೂ ಇಲ್ರಿ.”

“ಚಲೋನ ಆತಲ್ಲ.”

“ಹೂಂ. ಚಲೋನ ಆತು.”

ಆದರೂ ಬಟ್ಟೆಯನ್ನು ಮಡಚುವ ಮುನ್ನ ಅವಳು ತಿರುವಿ ತಿರುವಿ ನೋಡಿದಳು.

ಮಧ್ಯಾಹ್ನ ಜೈತುನ್ ಮಲಗಿದಳು. ಅವಳ ಬೆನ್ನು ನನ್ನ ತಗಡಿಗೆ ತಾಗಿತ್ತು. ನಾನು ಕಿವಿಗೊಟ್ಟು ಕೇಳಿದೆ. ನನಗೂ ಅದು ಅಭ್ಯಾಸವಾಗಿಬಿಟ್ಟಿದೆ. ಉಸಿರು ಬಂತು, ಹೋಯಿತು. ಬೇರೆ ಯಾವ ಸದ್ದೂ ಇರಲಿಲ್ಲ.

ತಗಡಿನ ಗೋಡೆಯ ಆಚೆ, ತುಕ್ಕು ಹಿಡಿದ ಹಳಿಯ ಸಂದಿಯಲ್ಲಿ, ಒಂದೇ ಒಂದು ಎಳೆ ಅರಳೆ ಇನ್ನೂ ಸಿಕ್ಕಿಕೊಂಡಿದೆ. ಯಾರ ಮನೆಯದೋ. ಅದು ಅಲ್ಲೇ ಇರಲಿ ಎಂದು ಹಿಡಿದುಕೊಂಡಿದ್ದೇನೆ.