ಗುಡ್ಡವ್ವ ತಿಕ್ಕಿದ ಬಟ್ಟಲು

ಮಹಾದೇವಪ್ಪ ಬೂದಿಯ ಗಡಿಗೆಯನ್ನು ಎರಡೂ ಕೈಯಿಂದ ತಬ್ಬಿ ಎತ್ತಿ ಲೇತು ಯಂತ್ರದ ಹಿಂದಿನ ಮೂಲೆಗೆ ಸರಿಸುತ್ತಿದ್ದ. ಮೇಲೆ ಗೋಣಿಚೀಲ ಮುಚ್ಚುವಷ್ಟರಲ್ಲಿ ತಮ್ಮ ಮಡಿವಾಳಪ್ಪ ಬಾಗಿಲಿಗೆ ಬಂದು ನಿಂತ.

“ಅಲ್ಲೇ ಇರ್ಲಿ ಬಿಡು ಅಣ್ಣಾ. ಇವತ್ತರ ಮುಚ್ಚಬ್ಯಾಡ.”

“ತಲಿ ಕೆಟ್ಟೈತೇನು ನಿನಗ? ಹೊರಗ ಅರ್ಧ ಕೇಶ್ವಾಪುರ ಬಂದು ಕುಂತೈತಿ. ಇನ್ನೇನು ಮಠದ ಅಯ್ಯಾರೂ ಬರ್ತಾರ.”

“ಅಯ್ಯಾರು ಬಂದ ಮ್ಯಾಲೆ ನಾನ ಹೇಳತೇನಿ. ಅಕಿ ಹೇಳಾಕ ಹೇಳ್ಯಾಳ.”

ಮಹಾದೇವಪ್ಪ ದನಿ ತಗ್ಗಿಸಿದ. “ಹೇಳು, ಹೇಳು. ಸಂಡಾಸಕ್ಕ ಹಿಡಕೊಂಡು ಹೋಗೂ ಬ್ಯಾಟ್ರಿಗೆ ಇವರ ಮನ್ಯಾಗ ಇಭೂತಿ ಹಚ್ಚಿ ತಿಕ್ಕತಿದ್ರಂತ ಅಂತ ಊರೆಲ್ಲಾ ಆಡಕೋತೈತಿ. ಸಂಜೀ ಅನ್ನೂದ್ರಾಗ ನೀ ಮಾರಿದ್ದು ಎಲ್ಲಾ ತಿರುಗಿ ನಿನ್ನ ಕಟ್ಟಿ ಮ್ಯಾಲೆ ಬಂದು ಬಿದ್ದಿರತೈತಿ.”

ಮಡಿವಾಳಪ್ಪ ಬಾಗಿಲಲ್ಲಿ ಹೊರಳಿ ನೋಡಿದ. ಪಡಸಾಲೆಯಲ್ಲಿ ಅವನ ಹೆಂಡತಿ ಗುಡ್ಡವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಕೊರಳಲ್ಲಿ ಲಿಂಗ, ತೊಡೆಯ ಮೇಲೆ ಹೂವು. ಬೆಳಗಿನ ಜಾವ ಲಿಂಗೈಕ್ಯಳಾದವಳು ಪೂಜೆಗೆ ಕುಳಿತಂತೆಯೇ ಕಾಣುತ್ತಿದ್ದಳು. ಮೂರು ದಿನದ ಹಿಂದೆ ಅವಳು ಗಂಡನ ಕೈ ಹಿಡಿದು ಅಂದಿದ್ದಳು: “ನಾ ಮಾಡಿದ್ದು ತಪ್ಪೋ ಒಪ್ಪೋ ಅಯ್ಯಾರ ಹೇಳ್ಲಿ. ಮುಚ್ಚಿ ಇಟಗೊಂಡು ನಾ ಕುಣ್ಯಾಗ ಕುಂದ್ರಾಂಗಿಲ್ಲ.”

ಮಣ್ಣು ಬೀಳುವುದರೊಳಗೆ ಆ ಮಾತು ಹೇಳಬೇಕಾಗಿತ್ತು.

*

ಇದೆಲ್ಲ ಸುರುವಾದದ್ದು ಐವತ್ತೆಂಟನೆಯ ಇಸವಿಯಲ್ಲಿ. ಗುಂಡಿ ಒತ್ತಿದರೆ ಬೆಳಕು ಬಿಡುವ ವಿಲಾಯತಿ ಕೈಬ್ಯಾಟರಿಗಳು ಅಂಗಡಿಗಳಲ್ಲಿ ಅಪರೂಪವಾಗಿದ್ದವು. ರೈಲ್ವೆ ಕಾರ್ಖಾನೆಯ ಕೆಲಸ ಬಿಟ್ಟು ಬಂದ ಮಡಿವಾಳಪ್ಪ ಮನೆಯಲ್ಲಿಯೇ ಬ್ಯಾಟರಿ ಮಾಡತೊಡಗಿದ. ಹಿತ್ತಾಳೆಯ ಕೊಳವೆ ದಪ್ಪ, ತಿರುಪು ನುಣುಪು. ಮುಚ್ಚಳವನ್ನು ಒಂದೇ ಬೆರಳಿನಿಂದ ತಿರುಗಿಸಬಹುದಾಗಿತ್ತು. ಹಾಕಿದ ಮೇಲೆ ನೀರಿನಲ್ಲಿ ಮುಳುಗಿಸಿದರೂ ಒಳಗೆ ಹನಿ ಇಳಿಯುತ್ತಿರಲಿಲ್ಲ.

ಆದರೆ ಬೆಳಕು ಕೈ ಕೊಟ್ಟಿತು. ಬೆಳಕನ್ನು ಮುಂದಕ್ಕೆ ಚೆಲ್ಲಲು ಬಲ್ಬಿನ ಸುತ್ತ ಕೂಡಿಸುವ ಬಟ್ಟಲಿಗೆ ಬೆಳ್ಳಿಯ ಲೇಪ ಕೊಡಿಸಿದ್ದ. ಅಕ್ಕಸಾಲಿಗರ ಕೆಂಪು ಪುಡಿಯಿಂದ ಎಷ್ಟು ತಿಕ್ಕಿದರೂ ಕೂದಲಿನಂಥ ಗೆರೆಗಳು ಉಳಿಯುತ್ತಿದ್ದವು. ಗೋಡೆಯ ಮೇಲೆ ಬೆಳಕು ಬಿಟ್ಟರೆ ನಡುವೆ ಕಪ್ಪು ಬಳೆಗಳು.

“ಇದೇನ್ರೀ, ಹೊತ್ತಿದ ರೊಟ್ಟಿ ಕಂಡಂಗ ಕಾಣತೈತಿ” ಎಂದಳು ಗುಡ್ಡವ್ವ.

“ನೀನ ಮಾಡ ಹಂಗಾರ.”

ಅವಳು ಮಾಡಿದಳು. ಮನೆಯ ಪೂಜೆಗೂ ಅಯ್ಯನವರ ಮಠಕ್ಕೂ ವಿಭೂತಿ ಮಾಡುವುದು ಅವಳ ನೇಮವಾಗಿತ್ತು. ಸಗಣಿಯ ಉಂಡೆ ಸುಟ್ಟು, ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕಲಸಿ ಬಿಡುವಳು. ದಪ್ಪದ್ದು ತಳಕ್ಕೆ ಇಳಿಯುವುದು. ಮೇಲಿನ ಹಾಲಿನಂಥ ನೀರನ್ನು ಬೇರೆ ಗಡಿಗೆಗೆ ಬಸಿಯುವಳು. ಹೀಗೆ ಮೂರು ಸಲ. ಕೊನೆಗೆ ಕೆನೆಯಂತೆ ನಿಂತುದರಲ್ಲಿ ಅರ್ಧ ವಿಭೂತಿಯ ಉಂಡೆಯಾಗುತ್ತಿತ್ತು. ಉಳಿದರ್ಧವನ್ನು ಅವಳು ಹಳೆಯ ಧೋತರದ ತುಂಡಿಗೆ ಹಚ್ಚಿ ಬಟ್ಟಲು ತಿಕ್ಕಿದಳು. ಬಳೆ ತಾಗದಂತೆ ಮುಂಗೈಗೆ ಅರಿವೆ ಸುತ್ತಿಕೊಂಡು, ಒಂದೇ ಬೆರಳಿನಿಂದ, ಒಂದೇ ದಿಕ್ಕಿಗೆ.

ಅಂದು ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಗೆರೆಯೂ ಇರಲಿಲ್ಲ.

ವಿಷಯ ತಿಳಿದು ಮಹಾದೇವಪ್ಪ ಹೌಹಾರಿದ. ಅವನದು ಹತ್ತಿಯ ವ್ಯಾಪಾರ. ಜನರ ಮಾತಿಗೆ ಅಂಜುವವನು. “ವಿಲಾಯತಿ ಪುಡಿ ಅಂತ ಹೇಳ್ರಿ” ಎಂದು ಇಬ್ಬರ ಬಾಯಿಗೂ ಬೀಗ ಹಾಕಿದ. ಮಾಲು ‘ಮಡಿವಾಳಪ್ಪನ ಬ್ಯಾಟರಿ’ ಎಂದು ಹೆಸರಾಯಿತು. ಕೇಳಿದವರಿಗೆಲ್ಲ ಮಡಿವಾಳಪ್ಪ ಐದು ವರ್ಷ ವಿಲಾಯತಿ ಪುಡಿಯ ಸುಳ್ಳು ಹೇಳುತ್ತ ಬಂದ.

*

“ನಿಮ್ಮ ಮನ್ಯಾಗ ದಿನಾ ಧಡ್ ಧಡ್ ಅಂತಿತ್ತಲ್ಲೋ ಮಡಿವಾಳಪ್ಪಣ್ಣಾ” ಎಂದಳು ಪಡಸಾಲೆಯಲ್ಲಿ ಗುಡ್ಡವ್ವನ ಪಕ್ಕ ಕುಳಿತಿದ್ದ ಸೂಲಗಿತ್ತಿ ಚಾಂದಬಿ, ಕಣ್ಣೊರಸಿಕೊಳ್ಳುತ್ತ. “ಗಂಡಾ ಹೇಣತಿ ಬಡದಾಡತಾರ ಅಂತ ನಾ ಮೊದಲ ಬಿಡಸಾಕ ಓಡಿ ಬಂದಿದ್ದೆ. ನೋಡಿದ್ರ ಅಕ್ಕಾ ಗಟ್ಟಿ ಐತೋ ಇಲ್ಲೋ ನೋಡಾಕ ಬ್ಯಾಟ್ರೀನ ಹೆಗಲ ಮಟಾ ಎತ್ತಿ ಹಾಸಗಲ್ಲ ಮ್ಯಾಲೆ ಒಗ್ಯಾಕತ್ತಾಳ!”

ಅಳುತ್ತಿದ್ದವರು ನಕ್ಕರು. ವಿದ್ಯುತ್ ಕಂಬ ಹತ್ತುವ ಮೈಲಾರಪ್ಪ ಮುಂದೆ ಸರಿದ. “ನನ್ನ ಬ್ಯಾಟ್ರಿ ಕಂಬದ ಮ್ಯಾಲಿಂದ ಎರಡು ಸಲ ಬಿದ್ದೈತ್ರಿ. ನಾ ಒಂದ ಸಲ ಬಿದ್ದೇನಿ. ನನ್ನ ಕಾಲು ಮುರೀತು, ಅದರ ಬಲ್ಬು ಸೈತ ಒಡೀಲಿಲ್ಲ.”

“ಖರೇ ಕೈಗುಣ ಮಡಿವಾಳಪ್ಪಂದು” ಎಂದು ಯಾರೋ ಅಂದರು.

ಮಡಿವಾಳಪ್ಪ ತಲೆ ತಗ್ಗಿಸಿದ.

*

ಒಮ್ಮೆ ಅವಸರದಲ್ಲಿ, ಗುಡ್ಡವ್ವ ಗೆರೆ ಉಳಿದಿದೆಯೆಂದು ಎಡಗಡೆಯ ಬುಟ್ಟಿಗೆ ಹಾಕಿದ್ದ ಬಟ್ಟಲೊಂದನ್ನು ಮಡಿವಾಳಪ್ಪ ಬ್ಯಾಟರಿಗೆ ಕೂಡಿಸಿ ದೇಶಪಾಂಡೆ ನಗರದ ವಕೀಲರೊಬ್ಬರಿಗೆ ಕೊಟ್ಟುಬಿಟ್ಟಿದ್ದ. ಬುಟ್ಟಿಯಲ್ಲಿ ಒಂದು ಕಡಿಮೆಯಾದದ್ದು ಗುಡ್ಡವ್ವನಿಗೆ ತಿಳಿಯಿತು. ಸೆರಗು ಹೊದ್ದು ನಡೆದೇ ಹೋದಳು.

“ಛಲೋ ಐತಲ್ಲವಾ, ಯಾಕ ಬದಲಸ್ತಿ?” ಎಂದು ವಕೀಲರು ಕೇಳಿದರಂತೆ.

“ನಿಮಗ ಛಲೋ ಇರಬಹುದ್ರಿ. ನನಗ ನಿದ್ದಿ ಬರಬೇಕಲ್ಲ” ಎಂದು ಬೇರೆಯದನ್ನು ಕೊಟ್ಟು, ಅದನ್ನು ಇಸಿದುಕೊಂಡು ಬಂದಿದ್ದಳು. ಗಂಡನೊಡನೆ ಎರಡು ದಿನ ಮಾತಾಡಲಿಲ್ಲ.

*

ಅಯ್ಯನವರು ಬಂದರು. ಎಂಬತ್ತು ದಾಟಿದ ಜೀವ. ಗುಡ್ಡವ್ವನ ಹಣೆಗೆ ವಿಭೂತಿ ಹಚ್ಚಲು ಕೈ ಎತ್ತಿದಾಗ ಮಡಿವಾಳಪ್ಪ ಕಾಲಿಗೆರಗಿದ. ಮಹಾದೇವಪ್ಪ ಅವನ ಅಂಗಿ ಹಿಡಿದು ಜಗ್ಗಿದ. ಅವನು ಬಿಡಿಸಿಕೊಂಡ.

“ಅಯ್ಯಾರ, ಒಂದು ಮಾತೈತ್ರಿ. ಈ ಬ್ಯಾಟ್ರಿ ಬೆಳಕು ನಂದಲ್ಲ. ಬಟ್ಟಲಾ ತಿಕ್ಕಿದಾಕಿ ಇಕಿ. ವಿಲಾಯತಿ ಪುಡಿ ಅಂತ ನಾ ಹೇಳಿದ್ದು ಸುಳ್ಳು. ಇಭೂತೀಲೆ ತಿಕ್ಕತಿದ್ಲು. ಮಠಕ್ಕ ಬರೂ ಉಂಡೀನೂ ಅದ ಗಡಿಗೀದ್ರಿ.”

ಪಡಸಾಲೆಯಲ್ಲಿ ನಡೆದಿದ್ದ ಭಜನೆ ನಿಂತಿತು. ಅಯ್ಯನವರ ಕೈ ತಾನಾಗಿಯೇ ಅದೇ ವಿಭೂತಿ ಹಚ್ಚಿದ್ದ ತಮ್ಮ ಹಣೆಗೆ ಹೋಯಿತು.

“ಜಳಕಾ ಮಾಡಿ ಮುಟ್ಟತಿದ್ಲೇನು?”

“ಜಳಕಾ ಮಾಡಿ, ಲಿಂಗಪೂಜಿ ಮುಗಿಸಿ, ಆಮ್ಯಾಲೇ ಬಟ್ಟಲಾ ಹಿಡೀತಿದ್ಲುರಿ. ಉಂಡ ಕೈಲೇ ಒಂದು ದಿನಾನೂ ಮುಟ್ಟಲಿಲ್ಲ.”

ಅಯ್ಯನವರು ವಿಭೂತಿಯ ಉಂಡೆ ಕೈಗೆತ್ತಿಕೊಂಡರು. ಗುಡ್ಡವ್ವನ ಹಣೆಗೆ ಮೂರು ಗೆರೆ ಎಳೆದು, “ಹೊತ್ತಾತು, ಎತ್ರಿ” ಎಂದಷ್ಟೇ ಹೇಳಿದರು.

ಶವದ ಮೆರವಣಿಗೆ ಬೀದಿಗೆ ಇಳಿಯುತ್ತಲೇ ಜನ ಚದುರತೊಡಗಿದರು. ಮೈಲಾರಪ್ಪ ಕುಂಟುತ್ತ ತನ್ನ ಓಣಿಗೆ ತಿರುಗಿದ. ಚಾಂದಬಿಯೂ ಕಾಣಲಿಲ್ಲ. ರುದ್ರಭೂಮಿ ಮುಟ್ಟಿದಾಗ ಉಳಿದವರು ಮನೆಯವರು ಮತ್ತು ಭಜನೆಯವರು ಮಾತ್ರ.

“ನೋಡಿದೇನು?” ಎಂದ ಮಹಾದೇವಪ್ಪ. “ಮಣ್ಣಿಗೂ ಯಾರೂ ಬರಲಿಲ್ಲ.”

“ಅಕಿ ಮಾತು ನಡಸೇನಿ ಅಣ್ಣಾ. ಅಷ್ಟ ಸಾಕು.”

ಕುಣಿಯ ಒಂದು ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಗುಡ್ಡವ್ವನನ್ನು ಕೂಡಿಸಿದರು. ಅಯ್ಯನವರು ಹಿಡಿದವರ ಆಸರೆಯಲ್ಲಿ ಕೆಳಗಿಳಿದರು. ಅವಳ ಎಡಗೈಯಲ್ಲಿ ಲಿಂಗ ಇಡಬೇಕು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಗೂಡಿನೊಳಗೆ ಕತ್ತಲು.

ಅಷ್ಟರಲ್ಲಿ ಹಾದಿಯ ಮೇಲೆ ಧೂಳೆದ್ದಿತು. ಮುಂದೆ ಮೈಲಾರಪ್ಪ, ಅವನ ಹಿಂದೆ ಚಾಂದಬಿ, ಅವರ ಹಿಂದೆ ಇಪ್ಪತ್ತು ಮೂವತ್ತು ಜನ. ಎಲ್ಲರ ಕೈಯಲ್ಲಿಯೂ ಹಿತ್ತಾಳೆಯ ಬ್ಯಾಟರಿ.

“ಬಂದ್ರು ತಗೋ, ತಿರುಗಿ ಕೊಡಾಕ” ಎಂದ ಮಹಾದೇವಪ್ಪ.

ಮೈಲಾರಪ್ಪ ಕುಣಿಯ ಅಂಚಿಗೆ ಬಂದು ಚಪ್ಪಲಿ ಬಿಟ್ಟ. ಬ್ಯಾಟರಿಯನ್ನು ಹೊಸ ಪಂಚೆಯಲ್ಲಿ ಸುತ್ತಿ ತಂದಿದ್ದ. “ಅಯ್ಯಾರ, ಅಕಿ ಇಭೂತಿ ಕೈ ಇದಕ್ಕ ಹತ್ತೈತಿ ಅಂತ ಗೊತ್ತಿರಲಿಲ್ರಿ. ಇನ್ನ ಮ್ಯಾಲೆ ಇದನ್ನ ಸೊಂಟಕ್ಕ ಸಿಗಸ್ಬೇಕೋ, ದೇವರ ಜಗಲಿ ಮ್ಯಾಲೆ ಇಡಬೇಕೋ? ನೀವ ಹೇಳ್ರಿ.”

ಗೂಡಿನಿಂದ ಅಯ್ಯನವರ ದನಿ ಬಂತು. “ಅದನ್ನ ಆಮ್ಯಾಲೆ ಕೇಳೋ ತಮ್ಮಾ. ಮೊದಲ ಅದನ್ನ ಹಚ್ಚಿ ಇಲ್ಲಿ ಹಿಡಿ. ನನ್ನವ್ವನ ಕೈ ಕಾಣವಲ್ದು.”

ಮೈಲಾರಪ್ಪ ಬ್ಯಾಟರಿಯ ಸುತ್ತು ಬಿಚ್ಚಿ ಗುಂಡಿ ಒತ್ತಿದ. ಚಾಂದಬಿ ಒತ್ತಿದಳು. ಟಕ್, ಟಕ್ ಎಂದು ಕುಣಿಯ ಸುತ್ತ ಒಂದೊಂದಾಗಿ ಹತ್ತಿದವು. ನಡುಹಗಲಿನಲ್ಲಿ ಮೂವತ್ತು ಬೆಳಕುಗಳು ಒಂದರ ಮೇಲೊಂದು ಗೂಡಿನೊಳಗೆ ಬಿದ್ದವು. ಹಣೆಯ ಮೇಲಿನ ಮೂರು ಗೆರೆ, ಮುಂಗೈಯ ಹಸಿರು ಬಳೆ, ಬೆರಳ ತುದಿಯ ಸವೆದ ಚರ್ಮ ಎಲ್ಲವೂ ಎದ್ದು ಕಂಡವು. ಅಯ್ಯನವರು ಆ ಬೆರಳನ್ನು ಕಣ್ಣಿಗೊತ್ತಿಕೊಂಡರು.

“ಇನ್ನಷ್ಟು ಬಗ್ಗಿ ಹಿಡೀರಿ” ಎಂದ ಮಡಿವಾಳಪ್ಪ. ಅವನ ದನಿ ಗಟ್ಟಿಯಾಗಿತ್ತು.

ಕುಣಿಯ ಅಂಚಿನಲ್ಲಿ ನಿಂತಿದ್ದ ಮಹಾದೇವಪ್ಪನ ಬೆನ್ನಿಗೆ ಚಾಂದಬಿಯ ಬೆಳಕು ಬಡಿದು, ಅವನ ನೆರಳು ಗುಡ್ಡವ್ವನ ಮೊಣಕಾಲ ಮೇಲೆ ಬಿದ್ದಿತ್ತು. ಅವನು ಅದನ್ನು ನೋಡಿದ. ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.