ಉಕ್ಕಿನ ಕೈ, ಎರಡನೇ ಭಾಗ

ನಾನು ಮದುವೆಗೆ ಒಪ್ಪಿದ್ದು ಒಂದು ಸಿನಿಮಾದಿಂದ. ಅದರ ಎರಡನೇ ಭಾಗ ಬಂದು ಆ ಒಪ್ಪಿಗೆಯನ್ನೇ ಅಲ್ಲಾಡಿಸಿಬಿಟ್ಟಿತು. ಸಿನಿಮಾ ತೆಗೆಯುವವರಿಗೆ ಇಂಥದ್ದೆಲ್ಲ ಎಲ್ಲಿ ಗೊತ್ತಾಗಬೇಕು?

ಕುರುಗೋಡಿನ ರಾಮಾಂಜಿನಿ ನನ್ನನ್ನು ನೋಡಲು ಸಿರುಗುಪ್ಪದ ನಮ್ಮ ಮನೆಗೆ ಬಂದಾಗ ಅವ್ವ ನಮ್ಮಿಬ್ಬರನ್ನು ಪಡಸಾಲೆಯಲ್ಲಿ ಕೂರಿಸಿ, ಏನಾದರೂ ಮಾತಾಡಿಕೊಳ್ಳಿ ಎಂದು ಹೇಳಿ, ತಾನು ಬಾಗಿಲ ಹಿಂದೆಯೇ ನಿಂತಳು. ಪಂಪ್‌ಸೆಟ್ ಮೋಟರು ರಿಪೇರಿ ಮಾಡುವವನ ಹತ್ತಿರ ಏನು ಮಾತಾಡುವುದು? ‘ಉಕ್ಕಿನ ಕೈ’ ನೋಡಿದ್ದೀರಾ ಎಂದು ಕೇಳಿದೆ. ಆಗ ಊರಿಗೆ ಊರೇ ಅದನ್ನು ನೋಡಿತ್ತು. ಕೈ ಕಳೆದುಕೊಂಡ ಒಬ್ಬನಿಗೆ ಉಕ್ಕಿನ ಕೈ ಜೋಡಿಸುತ್ತಾರೆ. ಅವನು ಬಸ್ಸು ಎತ್ತುತ್ತಾನೆ, ಬೀಳುವ ಸೇತುವೆ ಹಿಡಿದು ನಿಲ್ಲಿಸುತ್ತಾನೆ. ಮನೆಗೆ ಬಂದರೆ ಮಾತ್ರ ಮುಟ್ಟಿದ ಲೋಟವೆಲ್ಲ ನುಚ್ಚುನೂರು. ಕೊನೆಗೊಮ್ಮೆ ಅವನ ಮುದಿ ತಾಯಿ ಗಾಜಿನ ಲೋಟದಲ್ಲಿ ನೀರು ಕೊಡುತ್ತಾಳೆ, ಅದು ಒಡೆಯುವುದಿಲ್ಲ.

“ಬಸ್ ಎತ್ತೋದು ದೊಡ್ಡದಲ್ಲ, ಅದು ಸಿನಿಮಾ,” ಅಂದ ರಾಮಾಂಜಿನಿ. “ಲೋಟ ಒಡೀದಂಗ ಹಿಡದ್ನಲ್ಲ, ಅದು ಕಷ್ಟ ಐತಿ.”

ಅಷ್ಟೇ. ಒಳಗೆ ಹೋಗಿ ಅವ್ವನಿಗೆ ಹೂಂ ಅಂದೆ.

ನಿಶ್ಚಿತಾರ್ಥ ಮುಗಿದ ಮೇಲೆ ಎರಡನೇ ಭಾಗ ಬಂತು. ಆಗುವ ಅಳಿಯನಿಗೆ ಉಪಚಾರ ಮಾಡುವ ಉಮೇದಿನಲ್ಲಿ ಅಪ್ಪ ಎಲ್ಲರನ್ನೂ ಬಳ್ಳಾರಿಗೆ ಕರೆದುಕೊಂಡು ಹೋದ. ನೋಡಿದರೆ ನಾಯಕನಿಗೆ ಒಂದು ಕೈ ಹೋಗಿ ಹತ್ತು ಕೈ! ಆಕಾಶದಲ್ಲಿ ಇನ್ನೊಂದು ಲೋಕ, ಅಲ್ಲಿ ಇವನದೇ ಮುಖದ ಇನ್ನೊಬ್ಬ. ಹೋದ ಸಲ ಸತ್ತ ಖಳ ಹೇಗೆ ಎದ್ದು ಬಂದ, ಯಾರು ಯಾರನ್ನು ಯಾಕೆ ಹೊಡೆಯುತ್ತಿದ್ದಾರೆ, ಒಂದೂ ತಲೆಬುಡ ತಿಳಿಯಲಿಲ್ಲ. ಆ ತಾಯಿಯ ಸುದ್ದಿಯೇ ಇಲ್ಲ. ಇದ್ದಾಳೋ ಸತ್ತಳೋ ಎಂದು ಹೇಳುವ ಸೌಜನ್ಯವಾದರೂ ಬೇಡವೇ? ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಹೊರಗೆ ಮಿರ್ಚಿ ತಿನ್ನುತ್ತ ಅಪ್ಪ ಅಳಿಯನನ್ನು ಸಿನಿಮಾ ಹೇಗಿತ್ತು ಎಂದು ಕೇಳಿದ.

“ಭಾಳ ಚಲೋ ಐತ್ರಿ ಮಾವಾರ,” ಅಂದ ರಾಮಾಂಜಿನಿ.

ನಾನು ಕೈಯಲ್ಲಿದ್ದ ಮಿರ್ಚಿಯನ್ನು ಪೊಟ್ಟಣಕ್ಕೆ ವಾಪಸು ಹಾಕಿದೆ. ಅಪ್ಪನಿಗಂತೂ ಹಿಗ್ಗು. ಅಳಿಯಂದಿರಿಗೆ ಇಷ್ಟು ಸೇರಿದೆ ಎಂದ ಮೇಲೆ ತೆಲುಗಿನಲ್ಲೂ ತೋರಿಸಬೇಕು ಎಂದು ಮುಂದಿನ ವಾರ ಮತ್ತೆ ಕರೆಸಿದ. ಒಂದೇ ಸಿನಿಮಾವನ್ನು ಎರಡು ಭಾಷೆಯಲ್ಲಿ ನೋಡಿ ಯಾವುದು ಮೇಲು ಎಂದು ಜಗಳಾಡುವವರಿಗೆ ನಮ್ಮ ಕಡೆ ಬರವಿಲ್ಲ. ತೆಲುಗಿನಲ್ಲೂ ಅವೇ ಹತ್ತು ಕೈ. ತೆಲುಗು ಇನ್ನೂ ಜೋರಾಗಿದೆ ಎಂದು ಈ ಮಹಾನುಭಾವ ಹೊಗಳಿದ.

ನನಗೆ ಬಳ್ಳಾರಿಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತ, ಇದು ಚೆನ್ನಾಗಿ ಕಾಣುತ್ತದೋ ಅದೋ ಎಂದು ಕೇಳುವವಳು ನಾನು. ಈಗ ನನಗೇ ಏನೂ ಕಾಣದಾಯಿತು. ಲೋಟದ ಮಾತು ಹೇಳಿದವನು ಒಬ್ಬ, ಹತ್ತು ಕೈ ಮೆಚ್ಚಿದವನು ಇನ್ನೊಬ್ಬ. ನಾನು ಕಟ್ಟಿಕೊಳ್ಳುವುದು ಯಾರನ್ನು? ಅವ್ವನಿಗೆ ಹೇಳಿದರೆ, ಸಿನಿಮಾ ಸಲುವಾಗಿ ಯಾರಾದರೂ ಲಗ್ನ ಮುರಿಯುತ್ತಾರೇನೇ ಎಂದು ನಕ್ಕಳು. ಮದುವೆ ಕಾರ್ಡು ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ನನ್ನ ಮನಸ್ಸು ಒಲ್ಲೆ ಅನ್ನುವ ಕಡೆಗೇ ವಾಲುತ್ತಿತ್ತು.

ತಾಮ್ರದ ತಂತಿ ಕೊಳ್ಳಲು ಅವನು ಬಳ್ಳಾರಿಗೆ ಬಂದ ದಿನ, ಬಸ್ ಸ್ಟ್ಯಾಂಡಿನಲ್ಲಿ ಕುರುಗೋಡು ಬಸ್ಸಿನ ಮುಂದೆಯೇ ತಡೆದು ನಿಲ್ಲಿಸಿದೆ. ಆ ಸಿನಿಮಾ ನಿಜವಾಗಿ ಹಿಡಿಸಿತೇ ಎಂದು ಕೇಳಿದರೆ, ಎರಡು ಸಲವೂ ಅರ್ಧಕ್ಕೇ ನಿದ್ದೆ ಹೋಗಿದ್ದೆ ಅನ್ನಬೇಕೇ!

“ಬೀಗರು ಎಲಿಗೆ ಹಾಕಿದ್ದಕ್ಕ ಹೆಸರಿಡಬಾರ್ದು ಅಂತಾಳ ನಮ್ಮಜ್ಜಿ ಹೊನ್ನೂರಮ್ಮ,” ಅಂದ. “ಟಿಕೇಟು ಮಾವಾರು ತಗಸಿದ್ದು. ಅದೂ ಬಡಿಸಿದಂಗ ಅಲ್ಲೇನು?”

“ಹಂಗಾರ ನಾಳಿ ನನ್ನ ಅಡಗಿಗೂ ಚಲೋ ಅಂತೀರಿ. ಅದು ಖರೇ ಏನು ಸುಳ್ಳೇನು, ನಾ ಹೆಂಗ ತಿಳಕೊಬೇಕು?”

ಅವನು ತಂತಿಯ ಸುರುಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ. ಭಾನುವಾರ ಊಟಕ್ಕೆ ಬಂದಾಗ ಅಪ್ಪನ ಮುಂದೆ ನಿಜ ಹೇಳಬೇಕು, ಇಲ್ಲದಿದ್ದರೆ ಕಾರ್ಡು ಅಚ್ಚಾಗುವುದು ಬೇಡ ಅಂದೆ. ಅಷ್ಟರಲ್ಲಿ ಬಸ್ಸು ಹೊರಟಿತು, ಅವನು ಓಡಿ ಹತ್ತಿಕೊಂಡ.

ಭಾನುವಾರ ಬೆಳಗಿನಿಂದ ನಾನು ಒಲೆಗೂ ಬಾಗಿಲಿಗೂ ಓಡಾಡಿದ್ದೇ ಓಡಾಡಿದ್ದು. ಅಡುಗೆಯನ್ನೆಲ್ಲ ನಾನೇ ಮಾಡಿದೆ. ಊಟಕ್ಕೆ ಕೂತ ಅಪ್ಪ, ಆ ಸಿನಿಮಾ ಈಗ ಸಿರುಗುಪ್ಪಕ್ಕೂ ಬಂದಿದೆ, ಸಂಜೆ ಇನ್ನೊಂದು ಸಲ ಹೋಗೋಣ ಎಂದು ಸಾರಿದ. ರಾಮಾಂಜಿನಿಯ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

“ಮಾವಾರ, ಸಿಟ್ಟಾಗಬ್ಯಾಡ್ರಿ. ಆ ಸಿನಿಮಾ ಚಲೋ ಇಲ್ರಿ.”

ಅಪ್ಪನ ತುತ್ತು ತಟ್ಟೆಗೆ ಬಿತ್ತು. ಸಂಬಂಧವೇ ಕೆಟ್ಟಿತು ಅಂದುಕೊಂಡೆ. ಅಪ್ಪ ಎಡಗೈಯಿಂದ ಹಣೆ ಒರೆಸಿಕೊಂಡು ದೊಡ್ಡ ಉಸಿರು ಬಿಟ್ಟ.

“ನನಗ ಮೊದಲ್ನೇ ಸಲಾನ ತಲಿಬ್ಯಾನಿ ಬಂದಿತ್ತು. ನಿಮಗ ಸೇರೈತಿ ಅಂತ ಎಲ್ಡನೇ ಸಲಾನೂ ಕುಂತೀನಪ್ಪ.”

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. ಅಲ್ಲಿಗೆ ಮುಗಿಯಬೇಕಿತ್ತು. ಅವ್ವ ಸಾರು ಹಾಕಲು ಬಗ್ಗಿದಾಗ, ನಿಜದ ರುಚಿ ಹತ್ತಿದ ರಾಮಾಂಜಿನಿ ತಟ್ಟೆಗೆ ಕೈ ಅಡ್ಡ ಹಿಡಿದು, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದುಬಿಟ್ಟ.

ಅವ್ವ ನನ್ನ ಕಡೆ ನೋಡಿದಳು. ನನಗೆ ಮೈಯೆಲ್ಲ ಉರಿಯಿತು. ಒಳಗೆ ಹೋಗಿ ಪಾತ್ರೆಯಲ್ಲಿ ಉಳಿದಿದ್ದ ಸಾರನ್ನು ನಾಲಿಗೆಗೆ ಹಚ್ಚಿದೆ. ಬಾಯಿಗಿಡಲಾಗದಷ್ಟು ಉಪ್ಪು. ಗಲಿಬಿಲಿಯಲ್ಲಿ ಎರಡು ಸಲ ಹಾಕಿದ್ದೆ. ಅಪ್ಪ ಅದೇ ಸಾರನ್ನು ಚಲೋ ಆಗಿದೆ ಎನ್ನುತ್ತ ಮತ್ತೆ ಹಾಕಿಸಿಕೊಂಡಿದ್ದ. ಚಿಕ್ಕವಳಿದ್ದಾಗಿನಿಂದ ನನ್ನ ಅಡುಗೆಗೆ ಅವನು ಅಂದ ಮಾತು ಅದೊಂದೇ. ಅದರಲ್ಲಿ ಯಾವುದು ನಿಜವಿತ್ತೋ ಈಗ ಯಾರನ್ನು ಕೇಳಲಿ? ಅವನು ಸುಳ್ಳು ಹೇಳಿದ್ದಕ್ಕೆ ಅಳಬೇಕೋ, ಇವನು ನಿಜ ಹೇಳಿದ್ದಕ್ಕೆ ಅಳಬೇಕೋ ತಿಳಿಯದೆ ಒಲೆಯ ಮುಂದೆ ನಿಂತೆ.

ಆಮೇಲೆ ಎರಡು ಲೋಟ ನೀರು ತಂದೆ. ಒಂದನ್ನು ಅಪ್ಪನ ಮುಂದಿಟ್ಟೆ, ಒಂದನ್ನು ರಾಮಾಂಜಿನಿಯ ಮುಂದೆ.

“ಕಾರ್ಡು ಅಚ್ಚಿಗೆ ಕೊಡಪ್ಪ,” ಅಂದೆ. “ಆ ಸಾರು ಬಿಡು, ಉಣ್ಣಬ್ಯಾಡ.”

ಅಪ್ಪ ಉಣ್ಣುತ್ತಲೇ ಇದ್ದ.